ಮೋಟಾರಿಲ್ಲದ ಹೊಳೆ

ಬೆಂಗಳೂರಿನಲ್ಲಿ ಬೆಳಬೆಳಗ್ಗೆ ಕರೆಂಟು ಹೋದರೆ ಸಂಪಿನ ನೀರು ಟ್ಯಾಂಕಿಗೆ ಏರುವುದಿಲ್ಲ. ಸ್ವಲ್ಪ ಹೊತ್ತಿಗೆ ನಲ್ಲಿ ಸಣ್ಣಗಾಗಿ ನಿಲ್ಲುತ್ತದೆ. ಮೂರನೇ ಮಹಡಿಯವರು ಕೊಡ ಹಿಡಿದು ಮೆಟ್ಟಿಲಿಳಿದು ಬರುತ್ತಾರೆ. ಏದುಸಿರು ಬಿಡುತ್ತಾ ಹೊತ್ತೊಯ್ದ ಆ ನೀರನ್ನು ಕಕ್ಕಸಿಗೆ ಸುರಿದಾಗ ಮಾತ್ರ ಅದು ಗುಳುಗುಳು ಎಂದು ಸದ್ದು ಮಾಡಿ, ಯಾರ ಸಹಾಯವನ್ನೂ ಕೇಳದೆ ಹೊರಟುಹೋಗುತ್ತದೆ. ಬರುವ ನೀರಿಗೆ ಕರೆಂಟು ಬೇಕು, ಹೋಗುವ ನೀರಿಗೆ ಬೇಡ. ಇದು ನಮಗೆಲ್ಲ ಗೊತ್ತು. ಆದರೆ ಯಾಕೆ ಹಾಗೆ ಎಂದು ಕೇಳಿಕೊಂಡವರು ಕಡಿಮೆ.

ಊರಿನ ಅಳತೆಯಲ್ಲಿ ನೋಡಿದರೆ ಈ ಒಗಟು ಇನ್ನೂ ದೊಡ್ಡದು. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬರುತ್ತದೆ. ದಾರಿಯಲ್ಲಿ ಹಾರೋಹಳ್ಳಿಯಲ್ಲೊಮ್ಮೆ, ತಾತಗುಣಿಯಲ್ಲೊಮ್ಮೆ ಮತ್ತೆ ಪಂಪು ಮಾಡಿ ಅದನ್ನು ಒಟ್ಟು ಅರ್ಧ ಕಿಲೋಮೀಟರಿನಷ್ಟು ಮೇಲಕ್ಕೆತ್ತಬೇಕು. 1974ರಲ್ಲಿ ಮೊದಲ ಹಂತದ ನೀರು ಬಂತು. 2024ರ ಅಕ್ಟೋಬರಿನಲ್ಲಿ ಉದ್ಘಾಟನೆಯಾದ ಐದನೇ ಹಂತವೊಂದರದ್ದೇ ದಿನಕ್ಕೆ 77.5 ಕೋಟಿ ಲೀಟರ್. ಹೀಗೆ ಬಂದ ನೂರು ಲೀಟರಿನಲ್ಲಿ ಎಂಬತ್ತು ಲೀಟರ್ ಕೊಳೆನೀರಾಗಿ ಹೊರಡುತ್ತದೆ ಎಂಬುದು ಎಂಜಿನಿಯರುಗಳ ಲೆಕ್ಕ. ಒಳಗೆ ತರುವುದಕ್ಕೆ ಇಷ್ಟೊಂದು ಯಂತ್ರ. ಹೊರಗೆ ಕಳಿಸುವುದಕ್ಕೆ ನಮ್ಮ ಬೀದಿಯಲ್ಲಿ ಒಂದು ಮೋಟಾರೂ ಇಲ್ಲ. ಹಾಗಿದ್ದರೆ ಅದನ್ನು ತಳ್ಳುವವರು ಯಾರು?

ಉತ್ತರ ಯಾವ ಗಾರೆ ಮೇಸ್ತ್ರಿಯನ್ನು ಕೇಳಿದರೂ ಸಿಗುತ್ತದೆ, ಅದೂ ಎರಡೇ ಅಕ್ಷರದಲ್ಲಿ: ವಾಟ. ನೆಲಕ್ಕೆ, ಕೊಳವೆಗೆ, ಬಚ್ಚಲಿಗೆ ಕೊಡುವ ಇಳಿಜಾರು. ಇಡೀ ಊರಿನ ಒಳಚರಂಡಿ ನಿಂತಿರುವುದು, ಅಥವಾ ಓಡುತ್ತಿರುವುದು, ಈ ವಾಟದ ಮೇಲೆ.

ಒಂದು ಚೊಂಬು ನೀರಿನ ಬಾಗಿಲು

ಮನೆಯೊಳಗಿನಿಂದಲೇ ಹೊರಡೋಣ. ಕಮೋಡಿನ ತಳದಲ್ಲಿ ಸದಾ ಸ್ವಲ್ಪ ನೀರು ನಿಂತಿರುತ್ತದಲ್ಲ, ಎಷ್ಟು ಸಲ ಫ್ಲಶ್ ಮಾಡಿದರೂ ಅದು ಅಲ್ಲೇ ಇರುತ್ತದೆ. ಕೆಳಗಿನ ಕೊಳವೆ ಹಂಸದ ಕತ್ತಿನ ಹಾಗೆ ಬಾಗಿರುವುದರಿಂದ ಕಡೆಯ ಚೊಂಬಿನಷ್ಟು ನೀರು ಆ ಬಾಗಿನಲ್ಲೇ ಉಳಿದುಬಿಡುತ್ತದೆ. ಆ ನೀರೇ ಬಾಗಿಲು. ಆಚೆ ಇಡೀ ಊರಿನ ಚರಂಡಿ, ಈಚೆ ನಮ್ಮ ಮನೆ, ನಡುವೆ ಇರುವುದು ಎರಡು ಇಂಚಿನಷ್ಟು ಆಳದ ನೀರು. ಹೊಲಸು ಅದನ್ನು ದಾಟಿ ಆಚೆ ಹೋಗಬಹುದು, ವಾಸನೆ ಅದನ್ನು ದಾಟಿ ಈಚೆ ಬರಲಾರದು. ಇಂಥ ಬಾಗಿನ ಕಕ್ಕಸಿಗೆ ಅಲೆಕ್ಸಾಂಡರ್ ಕಮ್ಮಿಂಗ್ ಎಂಬ ಗಡಿಯಾರ ಮಾಡುವವನು 1775ರಲ್ಲಿ ಲಂಡನ್ನಿನಲ್ಲಿ ಪೇಟೆಂಟ್ ಪಡೆದ. ಬೇಸಿಗೆ ರಜೆಗೆ ಊರಿಗೆ ಹೋಗಿ ತಿಂಗಳ ಮೇಲೆ ಬೀಗ ತೆಗೆದಾಗ ಬಚ್ಚಲು ನಾರುವುದು ಇದೇ ಬಾಗಿಲು ಒಣಗಿದ್ದರಿಂದ. ಒಂದು ಚೊಂಬು ನೀರು ಸುರಿದರೆ ಮುಗಿಯಿತು.

ಆದರೆ ಈ ಬಾಗಿಲಿಗೆ ಒಂದು ಶತ್ರುವಿದೆ. ಮೇಲಿನ ಮಹಡಿಯಿಂದ ಒಂದು ಬಕೆಟ್ ನೀರು ಒಟ್ಟಿಗೇ ಇಳಿದಾಗ ಅದು ಕೊಳವೆಯ ಗಾಳಿಯನ್ನು ತನ್ನ ಹಿಂದೆ ಎಳೆದುಕೊಂಡು ಹೋಗುತ್ತದೆ. ಆ ಎಳೆತಕ್ಕೆ ಕೆಳಮನೆಯ ಬಾಗಿನ ನೀರೂ ಹೀರಿಹೋಗಬಹುದು. ಎಣ್ಣೆ ಡಬ್ಬಕ್ಕೆ ಒಂದೇ ತೂತು ಮಾಡಿದರೆ ಎಣ್ಣೆ ಬಿಕ್ಕಿಬಿಕ್ಕಿ ಬೀಳುತ್ತದೆ, ಎದುರಿಗೆ ಇನ್ನೊಂದು ತೂತು ಮಾಡಿದರೆ ಧಾರೆ ಕಟ್ಟುತ್ತದೆ. ತಾರಸಿಯ ಮೇಲೆ ಟೋಪಿ ಹಾಕಿಕೊಂಡು ಸುಮ್ಮನೆ ನಿಂತಿರುವ ಆ ಕೊಳವೆ, ಎಣ್ಣೆ ಡಬ್ಬದ ಎರಡನೇ ತೂತು. ಒಳಗೆ ಗಾಳಿ ಬಿಟ್ಟು ಬಾಗಿಲ ನೀರನ್ನು ಕಾಪಾಡುತ್ತದೆ. ಮನೆ ಕಟ್ಟುವಾಗ ದುಡ್ಡು ಉಳಿಸಲು ಮೊದಲು ಕೈಬಿಡುವುದೂ ಅದನ್ನೇ.

ನಲವತ್ತಡಿಗೆ ಒಂದಡಿ

ನಮ್ಮ ಮನೆಯ ಕೊಳವೆ ಹಾಕುವಾಗ ಮೇಸ್ತ್ರಿಯ ಕೈಯಲ್ಲಿದ್ದದ್ದು ಒಂದು ಉದ್ದನೆಯ ಪಾರದರ್ಶಕ ಪ್ಲಾಸ್ಟಿಕ್ ಟ್ಯೂಬು. ಅದರ ತುಂಬ ನೀರು. ಒಂದು ತುದಿಯನ್ನು ಹುಡುಗ ಕಕ್ಕಸಿನ ಗೋಡೆಗೆ ಹಿಡಿದಿದ್ದ, ಇನ್ನೊಂದನ್ನು ಮೇಸ್ತ್ರಿ ಗೇಟಿನ ಹತ್ತಿರ ಹಿಡಿದಿದ್ದರು. ಎರಡು ತುದಿಯಲ್ಲೂ ನೀರು ಅಲ್ಲಾಡುವುದು ನಿಂತ ಮೇಲೆ ಪೆನ್ಸಿಲಿನಲ್ಲಿ ಗೆರೆ ಎಳೆದರು. ಅದು ಸಮಮಟ್ಟ. ಗೇಟಿನ ಕಡೆಯ ಗೆರೆಯಿಂದ ಟೇಪು ಹಿಡಿದು ಕೆಳಗಿಳಿದು ಇನ್ನೊಂದು ಗೆರೆ ಹಾಕಿ ಹೇಳಿದರು: “ನಾಲ್ಕಿಂಚು ಪೈಪಿಗೆ ನಲವತ್ತಡಿಗೆ ಒಂದಡಿ ವಾಟ ಸಾರ್. ಕಮ್ಮಿ ಮಾಡಿದ್ರೆ ಮುಂದಿನ ವರ್ಷ ನೀವೇ ನನ್ನ ಹುಡ್ಕೊಂಡು ಬರ್ತೀರ.”

ನಾಲ್ಕಿಂಚಿಗೆ ನಲವತ್ತಡಿ, ಆರಿಂಚಿಗೆ ಅರವತ್ತಡಿ, ಒಂಬತ್ತಿಂಚಿಗೆ ತೊಂಬತ್ತಡಿ. ಪೀಳಿಗೆಗಳಿಂದ ಬಂದ ಬಾಯಿಲೆಕ್ಕ ಇದು. ಕೊಳವೆ ದಪ್ಪವಾದಷ್ಟೂ ವಾಟ ಕಡಿಮೆ ಸಾಕಾಗುವುದು ಏಕೆ? ತೇರಿನ ದಿನ ಕಿರುಗಲ್ಲಿಯಲ್ಲಿ ನುಗ್ಗುವ ಜನರನ್ನು ನೆನಪಿಸಿಕೊಳ್ಳಿ. ಗೋಡೆಗೆ ಮೈ ಉಜ್ಜಿಕೊಂಡು ನಡೆಯುವವರೇ ಹೆಚ್ಚು. ಅಗಲವಾದ ರಥಬೀದಿಗೆ ಬಂದೊಡನೆ ನಡುವಿನವರಿಗೆ ಗೋಡೆಯ ಕಾಟವಿಲ್ಲ, ಗುಂಪು ಸಲೀಸಾಗಿ ಸಾಗುತ್ತದೆ. ನೀರೂ ಹಾಗೇ. ದೊಡ್ಡ ಕೊಳವೆಯಲ್ಲಿ ಗೋಡೆಗೆ ಉಜ್ಜುವ ನೀರಿನ ಪಾಲು ಕಡಿಮೆ.

ವಾಟದ ಗುರಿ ನೀರನ್ನು ಸಾಗಿಸುವುದಷ್ಟೇ ಆಗಿದ್ದರೆ ಕೂದಲೆಳೆಯಷ್ಟು ಇಳಿಜಾರೂ ಸಾಕಾಗುತ್ತಿತ್ತು. ಕೊಳೆನೀರಿನ ಸಾವಿರ ಪಾಲಿನಲ್ಲಿ 999 ಪಾಲು ಬರೀ ನೀರು. ತೊಂದರೆ ಇರುವುದು ಉಳಿದ ಒಂದು ಪಾಲಿನಲ್ಲಿ: ಮಲ, ಅನ್ನದ ಅಗುಳು, ಪಾತ್ರೆ ತೊಳೆದ ಮಣ್ಣು, ಮರಳು. ಅಕ್ಕಿ ಗಾಳಿಸುವುದನ್ನು ನೋಡಿದವರಿಗೆ ಇದರ ಗುಟ್ಟು ಆಗಲೇ ಗೊತ್ತು. ಪಾತ್ರೆಯನ್ನು ಒಂದು ಹದದಲ್ಲಿ ಕುಲುಕಿದರೆ ಅಕ್ಕಿ ನೀರಿನ ಜೊತೆ ಸಾಗಿ ಬರುತ್ತದೆ, ಕಲ್ಲು ತಳದಲ್ಲಿ ಉಳಿಯುತ್ತದೆ. ಇನ್ನೂ ಜೋರಾಗಿ ಕುಲುಕಿದರೆ ಕಲ್ಲೂ ಎದ್ದು ಬರುತ್ತದೆ. ಯಾವ ಕಾಳನ್ನು ಹೊತ್ತು ಸಾಗಬೇಕು, ಯಾವುದನ್ನು ಬಿಟ್ಟು ಹೋಗಬೇಕು ಎಂಬುದನ್ನು ನೀರಿನ ವೇಗ ತೀರ್ಮಾನಿಸುತ್ತದೆ. ಅಡುಗೆಮನೆಯಲ್ಲಿ ನಮಗೆ ಕಲ್ಲು ತಳದಲ್ಲಿ ಉಳಿಯಬೇಕು. ಚರಂಡಿಯಲ್ಲಿ ಯಾವುದೂ ಉಳಿಯಬಾರದು.

ಆ ಹದದ ವೇಗವನ್ನು ನಮ್ಮ ದೇಶದ ಎಂಜಿನಿಯರಿಂಗ್ ಕೈಪಿಡಿ ಸೆಕೆಂಡಿಗೆ ಸುಮಾರು 60 ಸೆಂಟಿಮೀಟರ್ ಎಂದು ಇಟ್ಟುಕೊಂಡಿದೆ. ನಿಧಾನವಾಗಿ ಹೆಜ್ಜೆ ಹಾಕುವ ಮನುಷ್ಯನ ವೇಗ. ಇದನ್ನು ತಾನೇ ತೊಳೆಯುವ ವೇಗ ಎಂದು ಕರೆಯೋಣ. ಕೊಳವೆಯ ಒಳಗೆ ಪೊರಕೆ ಹಿಡಿದು ಯಾರೂ ಹೋಗಲಾರರು, ಆದ್ದರಿಂದ ಗುಡಿಸುವ ಕೆಲಸವನ್ನು ಹರಿಯುವ ನೀರಿಗೇ ಒಪ್ಪಿಸಬೇಕು. ಈ ವೇಗ ದಿನವಿಡೀ ಇರಬೇಕಿಲ್ಲ. ರಾತ್ರಿ ಎರಡು ಗಂಟೆಗೆ ಕೊಳವೆಯಲ್ಲಿ ಬೆರಳೆತ್ತರದ ನೀರು ತೆವಳುತ್ತಿರುತ್ತದೆ, ಅಷ್ಟಿಷ್ಟು ಮಡ್ಡಿ ತಳಕ್ಕೆ ಕೂರುತ್ತದೆ. ಬೆಳಿಗ್ಗೆ ಆರರಿಂದ ಒಂಬತ್ತರವರೆಗೆ ಊರಿಗೆ ಊರೇ ಸ್ನಾನ ಮಾಡುತ್ತದೆ. ಆಗ ಬರುವ ಪ್ರವಾಹ ರಾತ್ರಿಯ ಮಡ್ಡಿಯನ್ನು ಎಬ್ಬಿಸಿಕೊಂಡು ಹೋಗುತ್ತದೆ. ನಮ್ಮ ಸ್ನಾನದ ಹೊತ್ತಿಗೇ ಕೊಳವೆಗೂ ಸ್ನಾನ.

ವೇಗ ಅತಿಯಾಗಲೂಬಾರದು. ಸೆಕೆಂಡಿಗೆ ಮೂರು ಮೀಟರ್ ದಾಟಿದರೆ ಮರಳು ಕೊಳವೆಯ ತಳವನ್ನೇ ಕೊರೆಯತೊಡಗುತ್ತದೆ. ಹಾಗಾಗಿ ಕಡಿದಾದ ರಸ್ತೆಗಳಲ್ಲಿ ಕೊಳವೆಯನ್ನು ಹದವಾದ ವಾಟದಲ್ಲೇ ಒಯ್ದು, ಆಳುಗುಂಡಿಯೊಳಗೆ, ಅಂದರೆ ಮ್ಯಾನ್‌ಹೋಲಿನೊಳಗೆ, ನೀರನ್ನು ಒಮ್ಮೆಲೇ ಕೆಳಕ್ಕಿಳಿಸಿ, ಮತ್ತೆ ಹದದಲ್ಲಿ ಮುಂದಕ್ಕೆ ಕಳಿಸುತ್ತಾರೆ.

ಖಾಲಿ ಜಾಗದ ಕೆಲಸ

ಬೀದಿಯ ಕೆಳಗಿನ ಕೊಳವೆ ತುಂಬಿ ಹರಿಯುತ್ತಿರುತ್ತದೆ ಎಂದು ಬಹಳ ಜನ ಭಾವಿಸಿದ್ದಾರೆ. ಕುಡಿಯುವ ನೀರಿನ ಕೊಳವೆ ತುಂಬಿರುತ್ತದೆ, ನಿಜ, ಅದರೊಳಗೆ ಒತ್ತಡವೂ ಇರುತ್ತದೆ. ಒಳಚರಂಡಿಯ ಕೊಳವೆ ಮಾತ್ರ ಮುಚ್ಚಳ ಹಾಕಿದ ಹೊಳೆ. ಎಂಥ ನೂಕುನುಗ್ಗಲಿನ ಹೊತ್ತಿನಲ್ಲೂ ಅದರ ಎತ್ತರದ ಐದರಲ್ಲಿ ನಾಲ್ಕು ಪಾಲಿಗಿಂತ ಹೆಚ್ಚು ನೀರು ಏರದ ಹಾಗೆ ಲೆಕ್ಕ ಹಾಕಿರುತ್ತಾರೆ.

ಇಲ್ಲೊಂದು ಸೋಜಿಗವಿದೆ. ಒಂದೇ ವಾಟದಲ್ಲಿ ಅರ್ಧ ತುಂಬಿದ ಕೊಳವೆಯೂ ಪೂರ್ತಿ ತುಂಬಿದ ಕೊಳವೆಯೂ ನೀರನ್ನು ಒಂದೇ ವೇಗದಲ್ಲಿ ಒಯ್ಯುತ್ತವೆ. ನೀರು ಅರ್ಧವಾದಾಗ ಅದು ಉಜ್ಜಬೇಕಾದ ಗೋಡೆಯೂ ಅರ್ಧವಾಗುತ್ತದಲ್ಲ, ಲಾಭ ನಷ್ಟ ಸರಿಹೋಗುತ್ತದೆ. ಅರ್ಧಕ್ಕಿಂತ ಕೆಳಗಿಳಿದರೆ ಈ ಸಮತೋಲ ಕೆಡುತ್ತದೆ: ನೀರಿನ ಪದರ ತೆಳುವಾಗುತ್ತದೆ, ಗೋಡೆಗೆ ಅಂಟಿದಂತೆ ತೆವಳುತ್ತದೆ, ಮಡ್ಡಿ ಕೂರುತ್ತದೆ. ಆದ್ದರಿಂದ ಎಂಟು ಮನೆಗಳ ಅಡ್ಡರಸ್ತೆಗೆ ‘ಮುಂದಕ್ಕಿರಲಿ’ ಎಂದು ಎರಡಡಿ ಕೊಳವೆ ಹಾಕಿಸಿದರೆ ಒಳ್ಳೆಯದಾಗುವ ಬದಲು ಕೆಡುಕಾಗುತ್ತದೆ. ದೊಡ್ಡ ಕೊಳವೆ ಎಂದರೆ ಒಳ್ಳೆಯ ಕೊಳವೆ ಎಂದು ವಾರ್ಡಿನ ಸಭೆಗಳಲ್ಲಿ ವಾದಿಸುವವರಿಗೆ ನಾನು ಇದನ್ನು ಹೇಳುತ್ತಲೇ ಇರುತ್ತೇನೆ.

ಮೇಲಿನ ಖಾಲಿ ಜಾಗ ಗಾಳಿಗೆ. ಆ ಗಾಳಿಯ ಆಮ್ಲಜನಕ ನೀರಿಗೆ ಸ್ವಲ್ಪಸ್ವಲ್ಪ ಇಳಿಯುತ್ತಿರುವವರೆಗೆ ಕೊಳೆನೀರು ಕೊಳೆನೀರಾಗಿಯೇ ಇರುತ್ತದೆ, ವಿಷವಾಗುವುದಿಲ್ಲ. ಈ ಮಾತನ್ನು ನೆನಪಿನಲ್ಲಿಡಿ.

ಕಣಿವೆಗಳ ಊರು

ಬೀದಿಯ ಕೊಳವೆ ಸುಮಾರು ಮೂವತ್ತು ಮೀಟರಿಗೊಮ್ಮೆ, ಹಾಗೂ ಪ್ರತಿ ತಿರುವಿನಲ್ಲೂ, ಒಂದು ಆಳುಗುಂಡಿಗೆ ಬಂದು ಸೇರುತ್ತದೆ. ಎರಡು ಆಳುಗುಂಡಿಗಳ ನಡುವೆ ಕೊಳವೆ ಎಲ್ಲೂ ಬಾಗಬಾರದು, ನೆಟ್ಟಗೆ ಇರಬೇಕು. ಸಣ್ಣದು ದೊಡ್ಡದಕ್ಕೆ, ದೊಡ್ಡದು ಇನ್ನೂ ದೊಡ್ಡದಕ್ಕೆ ಸೇರುತ್ತಾ ಹೋಗುತ್ತದೆ, ಮರದ ರೆಂಬೆಗಳು ಕಾಂಡ ಸೇರುವ ಹಾಗೆ.

ಆದರೆ ವಾಟ ಸುಮ್ಮನೆ ಸಿಗುವುದಿಲ್ಲ. ನೂರು ಮೀಟರಿಗೆ ಒಂದು ಮೀಟರ್ ಇಳಿಯುತ್ತಾ ಹೋದರೆ ಸಮತಟ್ಟಾದ ಊರಿನಲ್ಲಿ ಒಂದು ಕಿಲೋಮೀಟರ್ ಸಾಗುವಷ್ಟರಲ್ಲಿ ಕೊಳವೆ ಹತ್ತು ಮೀಟರ್ ಆಳಕ್ಕೆ ಹೋಗಿರುತ್ತದೆ, ಮೂರು ಅಂತಸ್ತಿನ ಮನೆಯಷ್ಟು. ಅದಕ್ಕೇ ಚೆನ್ನೈಯಂಥ ಕರಾವಳಿಯ ಊರಿನಲ್ಲಿ ಅಲ್ಲಲ್ಲಿ ಕೊಳೆನೀರನ್ನು ಮೇಲೆತ್ತಲು ನೂರಾರು ಪಂಪಿಂಗ್ ಠಾಣೆಗಳಿವೆ. ಬೆಂಗಳೂರಿನ ಪುಣ್ಯ ಅದರ ನೆಲ. ಊರು ಕೂತಿರುವುದು ದಿಬ್ಬದ ಮೇಲೆ, ಸುತ್ತ ಇಳಿಯುವ ಕಣಿವೆಗಳು. ಪಶ್ಚಿಮದ ನೀರು ವೃಷಭಾವತಿ ಕಣಿವೆಗೆ, ಅಲ್ಲಿಂದ ಅರ್ಕಾವತಿಗೆ, ಕನಕಪುರದಾಚೆ ಸಂಗಮದಲ್ಲಿ ಕಾವೇರಿಗೆ. ಪೂರ್ವದ ನೀರು ಕೋರಮಂಗಲ–ಚಲ್ಲಘಟ್ಟ ಮತ್ತು ಹೆಬ್ಬಾಳ ಕಣಿವೆಗಳ ಕೆರೆಗಳನ್ನು ಹಾದು ದಕ್ಷಿಣ ಪಿನಾಕಿನಿಗೆ. ಹೊಳೆ ಇಳಿಯುವ ಜಾಡಿನಲ್ಲೇ ದೊಡ್ಡ ಕೊಳವೆಗಳನ್ನೂ ಹಾಕಿದರು. ನೂರು ಕಿಲೋಮೀಟರ್ ದೂರದಿಂದ ಪಂಪು ಮಾಡಿ ತಂದ ಕಾವೇರಿಯಲ್ಲಿ ರಾಜಾಜಿನಗರದ ಪಾಲು ಮತ್ತೆ ಕಾವೇರಿಯ ದಾರಿ ಹಿಡಿಯುತ್ತದೆ, ಇಂದಿರಾನಗರದ ಪಾಲು ಬೇರೆಯೇ ನದಿಗೆ ಸೇರುತ್ತದೆ.

ಕಣಿವೆಯ ತಗ್ಗಿನಲ್ಲಿ ಶುದ್ಧೀಕರಣ ಘಟಕ. ಅಲ್ಲಿನ ಕೆಲಸ ಮೊಸರಿಗೆ ಹೆಪ್ಪು ಹಾಕುವ ಕೆಲಸವೇ. ಕೊಳೆ ತಿನ್ನುವ ಸೂಕ್ಷ್ಮಜೀವಿಗಳಿಗೆ ಗಾಳಿ ಊದಿ ಬೆಳೆಸುತ್ತಾರೆ, ಅವು ತಿಂದು ದಪ್ಪವಾಗಿ ತಳಕ್ಕೆ ಕೂತ ಮೇಲೆ ತಿಳಿನೀರನ್ನು ಮುಂದೆ ಬಿಟ್ಟು, ಕೆಸರಿನ ಒಂದು ಪಾಲನ್ನು ಹೊಸ ಕೊಳೆನೀರಿಗೆ ಹೆಪ್ಪಾಗಿ ಹಿಂದಕ್ಕೆ ಹಾಕುತ್ತಾರೆ. ಈ ಉಪಾಯವನ್ನು 1914ರಲ್ಲಿ ಮ್ಯಾಂಚೆಸ್ಟರಿನಲ್ಲಿ ಆರ್ಡರ್ನ್ ಮತ್ತು ಲಾಕೆಟ್ ಎಂಬಿಬ್ಬರು ಲೋಕಕ್ಕೆ ತಿಳಿಸಿದರು. ಕೋರಮಂಗಲ–ಚಲ್ಲಘಟ್ಟ ಕಣಿವೆಯಲ್ಲಿ ಹೀಗೆ ತಿಳಿಯಾದ ನೀರನ್ನು 2018ರಿಂದ ಕೋಲಾರದ ಕೆರೆಗಳಿಗೆ ಕಳಿಸುತ್ತಿದ್ದಾರೆ. ಮೊದಲು ತುಂಬಿದ್ದು ಲಕ್ಷ್ಮೀಸಾಗರದ ಕೆರೆ. ಅಲ್ಲಿಗೆ ಹೋಗಲು ಮತ್ತೆ ಏರು, ಹಾಗಾಗಿ ಮತ್ತೆ ಮೋಟಾರು.

ಒಂದು ಮಳೆಯ ಲೆಕ್ಕ

ನಮ್ಮ ಅಡ್ಡರಸ್ತೆಯ ಕೊನೆಯ ಮನೆ ಎಲ್ಲಕ್ಕಿಂತ ತಗ್ಗಿನಲ್ಲಿದೆ. ನೆಲಮಹಡಿಯಲ್ಲಿ ವಯಸ್ಸಾದ ಗಂಡ ಹೆಂಡತಿ ಇಬ್ಬರೇ. ಒಂದು ರಾತ್ರಿ ಜೋರು ಮಳೆ ಬಂದಾಗ ಅವರ ಬಚ್ಚಲಿನ ಜಾಲರಿಯಿಂದ ಕಪ್ಪು ನೀರು ಮೇಲೆದ್ದು ಹಜಾರಕ್ಕೆ ಹರಿಯಿತು. ನಾನು ಹೋಗುವ ಹೊತ್ತಿಗೆ ಅಜ್ಜಿ ಅಕ್ಕಿಯ ಡಬ್ಬವನ್ನು ಮಂಚದ ಮೇಲಿಟ್ಟು ತಾವೂ ಮಂಚದ ಮೇಲೆ ಕೂತಿದ್ದರು. “ಅದು ನಮ್ಮನೇದಲ್ಲಪ್ಪ,” ಎಂದರು, ತಮ್ಮದೇ ತಪ್ಪು ಎಂದು ನಾನು ಅಂದುಕೊಳ್ಳಬಹುದೇನೋ ಎಂಬಂತೆ.

ಅವರ ಮನೆಯದಲ್ಲ, ನಿಜ. ಬೆಂಗಳೂರಿನಲ್ಲಿ ಮಳೆನೀರಿಗೆ ರಸ್ತೆ ಬದಿಯ ಮೋರಿ ಮತ್ತು ರಾಜಕಾಲುವೆ, ಕೊಳೆನೀರಿಗೆ ಒಳಚರಂಡಿ ಎಂದು ಎರಡು ದಾರಿ ಬೇರೆಬೇರೆ. ಎರಡೂ ಸೇರಬಾರದು. ಮರುದಿನ ನೋಡಿದರೆ ನಮ್ಮ ಬೀದಿಯಲ್ಲಿ ಮೂರು ಮನೆಗಳ ತಾರಸಿಯ ಮಳೆಕೊಳವೆ ಒಳಚರಂಡಿಯ ಚೇಂಬರಿಗೆ ಸೇರಿತ್ತು. ಅದರಲ್ಲೊಂದು ನಮ್ಮದು.

ಲೆಕ್ಕ ಹಾಕಿ ನೋಡಿದೆ. ಮೂವತ್ತು–ನಲವತ್ತರ ಸೈಟಿನ ಮೇಲೆ ಒಂದು ಗಂಟೆಯಲ್ಲಿ ಒಂದು ಇಂಚು ಮಳೆ ಬಿದ್ದರೆ ಸುಮಾರು 2,800 ಲೀಟರ್. ತಲೆಗೆ 135 ಲೀಟರಿನಂತೆ ನಾಲ್ಕು ಜನರ ಮನೆ ದಿನಕ್ಕೆ ಬಳಸುವುದು 540 ಲೀಟರ್. ಅಂದರೆ ಐದು ದಿನ ಬಳಸುವಷ್ಟು ನೀರು ಒಂದೇ ಗಂಟೆಯಲ್ಲಿ ಕೊಳವೆಗೆ ನುಗ್ಗುತ್ತದೆ. ಮುಚ್ಚಿದ ಹೊಳೆ ಆ ಗಂಟೆಯಲ್ಲಿ ತುಂಬಿಬಿಡುತ್ತದೆ, ಒತ್ತಡ ಹುಟ್ಟುತ್ತದೆ, ನೀರು ಎಲ್ಲಕ್ಕಿಂತ ತಗ್ಗಿನ ತೆರೆದ ಬಾಯಿಯನ್ನು ಹುಡುಕುತ್ತದೆ. ಅದು ಒಮ್ಮೆ ಆಳುಗುಂಡಿಯ ಮುಚ್ಚಳ, ಒಮ್ಮೆ ಅಜ್ಜಿಯ ಬಚ್ಚಲು. ಮಳೆನೀರು ಬೆರೆಸಿದ ನಾವು ಮೇಲಿನ ಮಹಡಿಯಲ್ಲಿ ಬೆಚ್ಚಗೆ ಮಲಗಿರುತ್ತೇವೆ. ನಮ್ಮ ಮಳೆಕೊಳವೆಯನ್ನು ಅದೇ ವಾರ ತೆಗೆಸಿ ಇಂಗುಗುಂಡಿಗೆ ತಿರುಗಿಸಿದೆ.

ನಿಂತಾಗ

ಮಳೆಯ ಕಾಟ ಒಂದು ರಾತ್ರಿಯದು. ಕೊಳವೆ ಕಟ್ಟಿಕೊಳ್ಳುವುದು ಹೆಚ್ಚಾಗಿ ನಾವು ಹಾಕುವ ವಸ್ತುಗಳಿಂದ. ಡಿಸೆಂಬರಿನ ಚಳಿಯಲ್ಲಿ ತುಪ್ಪ ಭರಣಿಯಲ್ಲಿ ಗಟ್ಟಿಯಾಗುವ ಹಾಗೆ ಸಿಂಕಿಗೆ ಸುರಿದ ಜಿಡ್ಡು ತಣ್ಣನೆಯ ಕೊಳವೆಯ ಒಳಮೈಗೆ ಅಂಟುತ್ತದೆ. ಅದಕ್ಕೆ ಕೂದಲು, ತೆಂಗಿನ ನಾರು ಸಿಕ್ಕಿಕೊಳ್ಳುತ್ತವೆ, ಅದಕ್ಕೆ ಪ್ಯಾಡು ಬಂದು ಅಡ್ಡ ನಿಲ್ಲುತ್ತದೆ. ಟೈಲ್ಸ್ ಹಾಕಿದ ದಿನ ಬಾಂಡ್ಲಿ ತೊಳೆದ ಸಿಮೆಂಟು ನೀರನ್ನು ಚೇಂಬರಿಗೆ ಸುರಿಯುವುದಂತೂ ಕೊಳವೆಯೊಳಗೆ ನಾವೇ ಅಣೆಕಟ್ಟು ಕಟ್ಟಿದ ಹಾಗೆ.

ಕಟ್ಟೆಯ ಹಿಂದೆ ನೀರು ನಿಂತಿತೆಂದರೆ ಮೇಲಿನ ಖಾಲಿ ಜಾಗ ತುಂಬುತ್ತದೆ. ಗಾಳಿ ಇಳಿಯುವುದು ನಿಲ್ಲುತ್ತದೆ. ನೀರಿನಲ್ಲಿದ್ದ ಆಮ್ಲಜನಕವನ್ನು ಸೂಕ್ಷ್ಮಜೀವಿಗಳು ಬೇಗನೇ ಮುಗಿಸುತ್ತವೆ. ಆಮೇಲೆ ಬೇರೊಂದು ಬಗೆಯ ಜೀವಿಗಳ ಸರದಿ. ಅವಕ್ಕೆ ಗಾಳಿ ಬೇಡ. ನೀರಿನಲ್ಲಿ ಕರಗಿರುವ ಗಂಧಕದ ಲವಣಗಳಿಂದಲೇ ಬದುಕಿಕೊಂಡು, ಹೊರಕ್ಕೆ ಹೈಡ್ರೋಜನ್ ಸಲ್ಫೈಡ್ ಎಂಬ ಅನಿಲವನ್ನು ಬಿಡುತ್ತವೆ. ಕೊಳೆತ ಮೊಟ್ಟೆಯ ನಾತ ಅದರದ್ದೇ. ಮೇಲಕ್ಕೆದ್ದ ಆ ಅನಿಲ ಕೊಳವೆಯ ಒದ್ದೆ ಚಾವಣಿಯಲ್ಲಿ ಗಂಧಕಾಮ್ಲವಾಗಿ ಕಾಂಕ್ರೀಟನ್ನೂ ತಿನ್ನುತ್ತದೆ.

ಮನುಷ್ಯನಿಗೆ ಅದರ ಮೋಸ ಇನ್ನೂ ಭಯಂಕರ. ಅನಿಲ ಸ್ವಲ್ಪ ಇದ್ದಾಗ ಮೂಗು ಎಚ್ಚರಿಸುತ್ತದೆ. ಹೆಚ್ಚಾದಾಗ ಮೂಗಿನ ನರವೇ ಜಡವಾಗಿ ವಾಸನೆ ನಿಂತುಹೋಗುತ್ತದೆ. ವಾಸನೆ ಹೋಯಿತು, ಇಳಿಯಬಹುದು ಎಂದುಕೊಂಡ ಕ್ಷಣವೇ ಅತಿ ಅಪಾಯದ ಕ್ಷಣ. ಇನ್ನಷ್ಟು ಹೆಚ್ಚಿದ್ದರೆ ಕೆಲವೇ ಉಸಿರಿಗೆ ಪ್ರಜ್ಞೆ ಹೋಗುತ್ತದೆ. ಮುಚ್ಚಳ ತೆಗೆದು ಅರ್ಧ ಗಂಟೆ ಬಿಟ್ಟರೆ ಸಾಕು ಎನ್ನುವುದೂ ತಪ್ಪು. ಅನಿಲ ಕೆಸರಿನೊಳಗೇ ಹುದುಗಿರುತ್ತದೆ. ಕಾಲಿಟ್ಟು ಕಲಕಿದಾಗ, ಅಲ್ಲಾಡಿಸಿದ ಗೋಲಿಸೋಡಾ ಉಕ್ಕುವ ಹಾಗೆ, ಒಮ್ಮೆಗೇ ಹೊರಬರುತ್ತದೆ. ಒಳಗೆ ಬಿದ್ದವನನ್ನು ಎತ್ತಲು ಇನ್ನೊಬ್ಬ ಇಳಿಯುತ್ತಾನೆ. ಅವನೂ ಬೀಳುತ್ತಾನೆ. ಪತ್ರಿಕೆಯಲ್ಲಿ ಇಂಥ ಸುದ್ದಿ ಬಂದಾಗ ಸತ್ತವರು ಇಬ್ಬರು, ಮೂವರು ಎಂದಿರುವುದು ಇದರಿಂದ.

ಇಳಿಯುವವರು ಯಾವ ಜಾತಿಯವರು ಎಂಬುದು ನಮಗೆಲ್ಲ ಗೊತ್ತು. ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ಕರ್ನಾಟಕದಲ್ಲಿ ನಿಷೇಧಿಸಿದ್ದು 1970ರ ದಶಕದಲ್ಲಿ, ದೇವರಾಜ ಅರಸರ ಸರ್ಕಾರದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪ. ಈ ಕೆಲಸದ ವಿರುದ್ಧ ದೇಶದುದ್ದಕ್ಕೂ ಹೋರಾಡಿ 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಬೆಜವಾಡ ವಿಲ್ಸನ್ ಹುಟ್ಟಿದ್ದು ನಮ್ಮ ಕೋಲಾರದ ಕೆಜಿಎಫ್‌ನಲ್ಲಿ. ರಕ್ಷಣಾ ಸಾಧನಗಳಿಲ್ಲದೆ ಆಳುಗುಂಡಿಗೆ ಮನುಷ್ಯರನ್ನು ಇಳಿಸುವುದು 2013ರ ಕಾಯ್ದೆಯ ಪ್ರಕಾರ ಅಪರಾಧ. ಹೀಗೆ ಸತ್ತವರ ಮನೆಯವರಿಗೆ ಕೊಡಬೇಕಾದ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರಿನಲ್ಲಿ 30 ಲಕ್ಷ ರೂಪಾಯಿಗೆ ಏರಿಸಿತು. ನಾವು ಸಿಂಕಿಗೆ ಸುರಿದ ಜಿಡ್ಡಿಗೂ ಒಬ್ಬ ಮನುಷ್ಯನ ಉಸಿರಿಗೂ ನಡುವೆ ಇರುವುದು ಕೆಲವು ಮೀಟರ್ ಕೊಳವೆ ಎಂದು ತಿಳಿದ ಮೇಲೆ ನನಗೆ ಅಡುಗೆಮನೆಯಲ್ಲಿ ಕೈ ತಡೆಯುತ್ತದೆ.

ಕನ್ನಡಿ

ಯಾರೂ ಇಳಿಯದೆ ಕಟ್ಟು ಬಿಡಿಸುವ ದಾರಿ ಇದೆ. ಅನುಭವಸ್ಥರು ಆಳುಗುಂಡಿಗಳ ಮುಚ್ಚಳವನ್ನು ಒಂದೊಂದಾಗಿ ತೆಗೆದು ನೋಡುತ್ತಾ ಬರುತ್ತಾರೆ. ಮೇಲಿನದು ತುಂಬಿದೆ, ಅದರ ಕೆಳಗಿನದು ಖಾಲಿ ಇದೆ ಎಂದರೆ ಕಟ್ಟಿಕೊಂಡಿರುವುದು ಇವೆರಡರ ನಡುವೆ. ಜೆಟ್ಟಿಂಗ್ ಲಾರಿಯ ಮೆದುಗೊಳವೆಯನ್ನು ತಗ್ಗಿನ ಆಳುಗುಂಡಿಯಿಂದ ಒಳಗೆ ಬಿಡುತ್ತಾರೆ. ಅದರ ಮೂತಿಯ ತೂತುಗಳು ಹಿಂದಕ್ಕೆ ಮುಖ ಮಾಡಿರುತ್ತವೆ. ನೀರು ಹಿಂದಕ್ಕೆ ಚಿಮ್ಮಿದಂತೆ ಮೂತಿ ದೀಪಾವಳಿಯ ರಾಕೆಟ್ಟಿನ ಹಾಗೆ ಏರಿನ ಕಡೆಗೆ ತಾನೇ ನುಗ್ಗುತ್ತದೆ. ಕಿತ್ತುಬಂದ ಕೊಳೆ ವಾಟದ ಜೊತೆ ತಗ್ಗಿನ ಗುಂಡಿಗೆ ಇಳಿದುಬರುತ್ತದೆ, ಹೀರುವ ಯಂತ್ರ ಅದನ್ನು ಎತ್ತಿಕೊಳ್ಳುತ್ತದೆ.

ಆದರೂ ನಮ್ಮ ಬೀದಿಯ ಒಂದು ಜಾಗದಲ್ಲಿ ಮಾತ್ರ ಮೂರು ತಿಂಗಳಿಗೊಮ್ಮೆ ಕಟ್ಟಿಕೊಳ್ಳುತ್ತಿತ್ತು. ಕಡೆಗೆ ಅಲ್ಲಿನ ಹಳೆಯ ಕೊಳವೆ ಅಗೆದು ಹೊಸದು ಹಾಕಿದರು. ಮಣ್ಣು ಮುಚ್ಚುವ ಮೊದಲು ಏರಿನ ಗುಂಡಿಯ ಹತ್ತಿರ ಹುಡುಗನೊಬ್ಬ ಕೊಳವೆಯ ಬಾಯಿಗೆ ಟಾರ್ಚು ಹಿಡಿದ. ತಗ್ಗಿನ ಗುಂಡಿಯಲ್ಲಿ ಮೇಸ್ತ್ರಿ ಕೋಲಿನ ತುದಿಗೆ ಓರೆಯಾಗಿ ಕಟ್ಟಿದ ಕನ್ನಡಿಯನ್ನು ಇಳಿಬಿಟ್ಟರು. ಕೊಳವೆ ನೆಟ್ಟಗಿದ್ದರೆ ಕನ್ನಡಿಯಲ್ಲಿ ಬೆಳಕು ಹುಣ್ಣಿಮೆಯಂತೆ ದುಂಡಗೆ ಕಾಣಬೇಕು. ಅವತ್ತು ಒಂದು ಅಂಚು ಕತ್ತರಿಸಿದ ಹಾಗಿತ್ತು. “ನಡೂದು ಕೂತಿದೆ,” ಎಂದರು. ಒಂದು ಕೊಳವೆ ಕೆಳಗಿನ ಸಡಿಲ ಮಣ್ಣಿಗೆ ಎರಡು ಬೆರಳಿನಷ್ಟು ಇಳಿದಿತ್ತು. ಅಷ್ಟೇ ತಗ್ಗು ಸಾಕು, ಅಲ್ಲಿ ನೀರು ಸದಾ ನಿಲ್ಲುತ್ತದೆ, ಮಡ್ಡಿ ಸದಾ ಕೂರುತ್ತದೆ.

ಕೊಳವೆ ಎತ್ತಿ, ತಳಕ್ಕೆ ಕಾಂಕ್ರೀಟು ಹಾಕಿ, ದಾರ ಕಟ್ಟಿ ಮತ್ತೆ ಕೂರಿಸುವಷ್ಟರಲ್ಲಿ ಸಂಜೆಯಾಯಿತು. ಹುಡುಗ ಪುನಃ ಟಾರ್ಚು ಹಿಡಿದ. ಮೇಸ್ತ್ರಿ ಕನ್ನಡಿ ಇಳಿಸಿ, ಸ್ವಲ್ಪ ತಿರುಗಿಸಿ, ಪಕ್ಕಕ್ಕೆ ಸರಿದು ನನ್ನನ್ನೂ ಕರೆದರು. ಬಗ್ಗಿ ನೋಡಿದೆ. ಆಚೆ ತುದಿಯವರೆಗೆ ಬೆಳಕು ದುಂಡಗೆ, ಪೂರ್ತಿಯಾಗಿ ಇತ್ತು.